ತಿನ್ನುವ ಎಣ್ಣೆ ಹೊಳೆಗೆ ಬಿದ್ದರೆ?

ಶೆಟ್ಟಿಕೊಪ್ಪದಂತಹ ಮಲೆನಾಡಿನ ಊರಿನಲ್ಲಿ ಮದುವೆ ಊಟ ಮುಗಿದ ಮೇಲೆ ಬಾಣಲೆಯಲ್ಲಿ ಉಳಿದ ಎಣ್ಣೆ ಎಲ್ಲಿಗೆ ಹೋಗುತ್ತದೆ? ಹೆಚ್ಚಾಗಿ ಚರಂಡಿಗೆ, ಅಲ್ಲಿಂದ ಹಳ್ಳಕ್ಕೆ. "ತಿನ್ನುವ ಎಣ್ಣೆ ತಾನೇ" ಎಂಬ ಸಮಾಧಾನ ನಮ್ಮದು.

2022ರ ಜೂನ್‌ನಲ್ಲಿ ಉಳ್ಳಾಲದ ಬಳಿ 'ಪ್ರಿನ್ಸೆಸ್ ಮಿರಾಲ್' ಹಡಗು ಮುಳುಗಿದಾಗ ಅದರ ಇಂಧನ ಸೋರೀತೆಂದು ಎಲ್ಲರೂ ಆತಂಕಪಟ್ಟೆವು. ಆದರೆ ನವಮಂಗಳೂರು ಬಂದರಿನಲ್ಲಿ ಇಳಿಯುವ ಖಾದ್ಯತೈಲ ಟ್ಯಾಂಕರುಗಳಲ್ಲಿ ಘಾಟಿ ಹತ್ತುವಾಗ ಯಾರಿಗೂ ಆತಂಕವಿಲ್ಲ. ಟ್ಯಾಂಕರ್ ಮಗುಚಿದರೆ ಕೊಡ ಹಿಡಿದು ಓಡುತ್ತೇವೆ. ಉಳಿದದ್ದು ಹೊಳೆ ಸೇರುವುದನ್ನು ನೋಡುವುದಿಲ್ಲ.

ಜಗತ್ತಿನ ಅನುಭವ ಬೇರೆಯೇ ಇದೆ. 1963ರ ಜನವರಿಯಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ಸೋಯಾ ಎಣ್ಣೆಯ ಟ್ಯಾಂಕ್ ಒಡೆದು ಎಣ್ಣೆ ನದಿ ಸೇರಿತು. ಮಂಜು ಕರಗಿದ ಮೇಲೆ ಸಾವಿರಾರು ಬಾತುಕೋಳಿಗಳು ಸತ್ತವು. ಎಣ್ಣೆ ಹತ್ತಿದ ಗರಿ ನೀರನ್ನು ತಡೆಯದು, ಹಕ್ಕಿ ಚಳಿಗೇ ಸಾಯುತ್ತದೆ. 1991ರಲ್ಲಿ ವೇಲ್ಸ್ ಕರಾವಳಿಯಲ್ಲಿ ಮುಳುಗಿದ 'ಕಿಮ್ಯಾ' ಹಡಗಿನ ಸೂರ್ಯಕಾಂತಿ ಎಣ್ಣೆ ಮರಳಿನೊಂದಿಗೆ ಸೇರಿ ಕಾಂಕ್ರೀಟಿನಂತೆ ಗಟ್ಟಿಯಾಯಿತು, ಪಚ್ಚಿಲೆಗಳು ಸತ್ತವು. 2017ರ ಆಗಸ್ಟ್‌ನಲ್ಲಿ ತಾಳೆ ಎಣ್ಣೆಯ ಬಿಳಿ ಗಡ್ಡೆಗಳು ದಡಕ್ಕೆ ಬಂದು ಹಾಂಗ್‌ಕಾಂಗ್‌ನ ಹಲವು ಕಡಲತೀರಗಳನ್ನು ಮುಚ್ಚಬೇಕಾಯಿತು.

ಈ ಎಣ್ಣೆ ವಿಷವಲ್ಲ ನಿಜ. ಆದರೆ ಅದನ್ನು ತಿಂದು ಕರಗಿಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೂ ಮುಗಿಸುತ್ತವೆ. ಮೇಲಿನ ಎಣ್ಣೆಪೊರೆ ಗಾಳಿಯನ್ನು ಒಳಗೆ ಬಿಡದು. ಮೀನು ಉಸಿರುಕಟ್ಟಿ ಸಾಯುತ್ತದೆ. ಕಾಫಿ ಪಲ್ಪಿಂಗ್ ನೀರು ಹಳ್ಳಕ್ಕೆ ಬಿಟ್ಟಾಗ ಆಗುವುದೂ ಇದೇ, ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ. ಮಳೆಗಾಲದ ಹೊಳೆ ತಾಳಿಕೊಂಡೀತು, ಬೇಸಿಗೆಯ ಗುಂಡಿಯ ನೀರು ತಾಳಲಾರದು. ನರಸಿಂಹರಾಜಪುರ ಸೀಮೆಯ ಹಳ್ಳಗಳು ಸೇರುವುದು ಭದ್ರಾ ಹಿನ್ನೀರನ್ನು. ಲಕ್ಕವಳ್ಳಿ ಅಣೆಕಟ್ಟಿನಿಂದ ಅದೇ ನೀರು ದಾವಣಗೆರೆಯ ಗದ್ದೆಗಳಿಗೆ ಹರಿಯುತ್ತದೆ.

ಕಾನೂನು ತಡವಾಗಿ ಎಚ್ಚೆತ್ತಿದೆ. ಸಮುದ್ರದಲ್ಲಿ ಸಸ್ಯತೈಲ ಸಾಗಿಸುವ ಹಡಗುಗಳಿಗೆ 2007ರಿಂದ ಅಂತರರಾಷ್ಟ್ರೀಯ ನಿಯಮ ಬಿಗಿಯಾಯಿತು. ಬಳಸಿದ ಎಣ್ಣೆಯನ್ನು ಸಂಗ್ರಹಿಸಿ ಜೈವಿಕ ಡೀಸೆಲ್ ಮಾಡುವ ಯೋಜನೆಯನ್ನು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಆರಂಭಿಸಿತು. ಆದರೆ ಹಳ್ಳದ ಕಾವಲಿಗೆ ಯಾವ ಅಧಿಕಾರಿಯೂ ನಿಲ್ಲಲಾರ.

ಹಾಗಾಗಿ ಕೆಲಸ ನಮ್ಮದೇ. ಮದುವೆ, ಹಬ್ಬಗಳ ಅಡುಗೆಯ ಎಣ್ಣೆಯನ್ನು ಡಬ್ಬಿಯಲ್ಲಿ ತುಂಬಿಡೋಣ. ರಸ್ತೆಯಲ್ಲಿ ಚೆಲ್ಲಿದರೆ ಮೊದಲು ಚರಂಡಿಗೆ ಮಣ್ಣಿನ ಕಟ್ಟೆ ಹಾಕಿ, ಮರದ ಹೊಟ್ಟಿನಿಂದ ಹೀರಿಸೋಣ. ಸೋಪಿನ ನೀರು ಸುರಿದರೆ ಎಣ್ಣೆ ಕಣ್ಣಿಗೆ ಮರೆಯಾಗುತ್ತದೆ, ಹೊಳೆಯಿಂದ ಹೋಗುವುದಿಲ್ಲ.