ಚಿಹ್ನೆ ಬದಲಿಸಿದರೆ ಸಾಲದು

ಹಣದ ಚಿಹ್ನೆ ಎಲ್ಲಿ ಕೂತರೇನು, ಜಗತ್ತಿಗೆಲ್ಲ ಒಂದೇ ಮಾದರಿ ಸಾಕು, ತಂತ್ರಾಂಶದಲ್ಲಿ ಭಾಷೆಗೆ ತಕ್ಕಂತೆ ಚಿಹ್ನೆಯನ್ನಷ್ಟೇ ಬದಲಿಸಿದರಾಯಿತು ಎಂಬ ಲೇಖನ ಓದಿದೆ. ಬರೆದವರು ಅಣಶಿಯ ಕಡೆ ಬಂದು ಹೋಂಸ್ಟೇ ಬುಕಿಂಗ್ ಪುಟವೊಂದನ್ನು ರೂಪಿಸಿ ನೋಡಲಿ.

ಅಲ್ಲಿನ ಕಾಳಿ ಹುಲಿ ಸಂರಕ್ಷಿತ ಪ್ರದೇಶ ನೋಡಲು ಬರುವ ಜರ್ಮನ್ ಪ್ರವಾಸಿಗೆ ಆ ಪುಟ ಅವನ ಭಾಷೆಯಲ್ಲೇ ತೆರೆದುಕೊಂಡಿತೆನ್ನಿ. ಲೇಖಕರ ಸೂತ್ರದಂತೆ ₹2,500 ಇದ್ದದ್ದು €2,500 ಆಗುತ್ತದೆ. ಒಂದು ರಾತ್ರಿಗೆ ಎರಡೂವರೆ ಸಾವಿರ ಯೂರೋ! ಅವರಲ್ಲಿ ಅಲ್ಪವಿರಾಮ ದಶಮಾಂಶದ ಗುರುತಾದ್ದರಿಂದ ಆತ ಎರಡೂವರೆ ಯೂರೋ ಎಂದೂ ಓದಿಕೊಂಡಾನು. ಅವನಿಗೆ ತೋರಿಸಬೇಕಾದದ್ದು 2.500,00 ₹. ನಾಣ್ಯ ಯಾವುದೆಂಬುದು ವ್ಯವಹಾರಕ್ಕೆ ಸೇರಿದ್ದು, ಬರೆಯುವ ಕ್ರಮ ಓದುವವನದು. ಎರಡನ್ನೂ ಕಲಸಿದ್ದೇ ಆ ಲೇಖನದ ಮೂಲ ದೋಷ.

ಜಗತ್ತಿಗೆಲ್ಲ ಒಂದೇ ಮಾದರಿ ಎಂಬುದೂ ಸಲ್ಲದು. ಪಕ್ಕದ ಗೋವಾದಲ್ಲಿ ಪೋರ್ಚುಗೀಸರ ಕೊನೆಯ ವರ್ಷಗಳಲ್ಲಿ ಎಸ್ಕುಡೊ ಚಲಾವಣೆಯಲ್ಲಿತ್ತು. ಪೋರ್ಚುಗೀಸ್ ರೂಢಿಯಲ್ಲಿ ಎರಡೂವರೆ ಎಸ್ಕುಡೊ ಎಂದರೆ 2$50; ಚಿಹ್ನೆ ಅಂಕಿಗಳ ನಡುವೆಯೇ. ಜಪಾನಿನ ಯೆನ್‌ಗೆ ದಶಮಾಂಶ ಬೇಕಿಲ್ಲ, ಕುವೈತ್ ದಿನಾರ್‌ಗೆ ಮೂರು ಸ್ಥಾನ ಬೇಕು. ನಮ್ಮ 1,00,000 ಅನ್ನು 100,000 ಎಂದು ತೋರಿಸಿದರೆ ಲಕ್ಷದಲ್ಲಿ ಎಣಿಸುವವರು ಸೊನ್ನೆ ಎಣಿಸುತ್ತ ಕೂರಬೇಕು.

ಭಾಷೆಗೊಂದು ಕ್ರಮ ಅಳವಡಿಸಲು ಖರ್ಚು ಹೆಚ್ಚು ಎಂದು ಯಾರಾದರೂ ವಾದಿಸಿದರೆ ಅದೂ ನಿಲ್ಲದು. ಕನ್ನಡವೂ ಸೇರಿದಂತೆ ಅನೇಕ ಭಾಷೆಗಳ ಈ ನಿಯಮಗಳನ್ನು ಯೂನಿಕೋಡ್ ಒಕ್ಕೂಟ ಸಿಎಲ್‌ಡಿಆರ್ ಹೆಸರಿನಲ್ಲಿ ಉಚಿತವಾಗಿ ಕೊಡುತ್ತಿದೆ. 2010ರಲ್ಲಿ ಬಂದ ₹ ಹಳೆಯ ಫಾಂಟ್‌ನಲ್ಲಿ ಬರೀ ಚೌಕವಾಗಿ ಕಂಡರೆ ‘ರೂ.’ ಎಂದು ಬರೆಯಬಹುದು. ತಂತ್ರಾಂಶ ಬರೆಯುವವರು ದಯವಿಟ್ಟು ಸ್ವಂತ ಸೂತ್ರ ಹೊಸೆಯದೆ, ಸಿದ್ಧವಿರುವ ನಿಯಮಗಳನ್ನೇ ಬಳಸಲಿ.