'ಬರಬಹುದು' ಎಂದರೆ 'ಗೊತ್ತಿಲ್ಲ' ಎಂದಲ್ಲ

ಕಳೆದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಕುಂತೂರಿನ ನನ್ನ ಚಿಕಿತ್ಸಾಲಯಕ್ಕೆ ರೇಷ್ಮೆ ಬೆಳೆಗಾರರೊಬ್ಬರು ಬಂದರು. ವಯಸ್ಸು ಐವತ್ತೈದರ ಆಸುಪಾಸು. ರಕ್ತದೊತ್ತಡ 170/100. ಮೂರು ವರ್ಷಗಳಿಂದ ಮಾತ್ರೆ ನುಂಗುತ್ತಿದ್ದವರು ಎರಡು ತಿಂಗಳಿಂದ ನಿಲ್ಲಿಸಿಬಿಟ್ಟಿದ್ದರು. "ಹೀಗೇ ಬಿಟ್ಟರೆ ಲಕ್ವ ಹೊಡೆಯಬಹುದು" ಎಂದು ಗದರಿದೆ. ಅವರು ತಲೆಯಾಡಿಸಿ ಚೀಟಿಯನ್ನು ಜೇಬಿಗೆ ಹಾಕಿಕೊಂಡರು. ಹೊರಡುವಾಗ ಬೆಂಚಿನ ಮೇಲಿದ್ದ ದಿನಪತ್ರಿಕೆಯನ್ನು ತೋರಿಸಿ ಹೇಳಿದರು: "ನೋಡಿ ಡಾಕ್ಟ್ರೇ, ಮುಂದೆ ಬಿಸಿಲು ಇನ್ನೂ ಹೆಚ್ಚಾಗೋ ಸಂಭವ ಅದೆ ಅಂತ ಬರ್ದವ್ರೆ. ಸಂಭವ ಅಂದ್ರೇನು? ಅವ್ರಿಗೇ ಸರಿಯಾಗಿ ಗೊತ್ತಿಲ್ಲ ಅಂತ ತಾನೆ?"

ಹೊರಗೆ ರೋಗಿಗಳು ಕಾದಿದ್ದರಿಂದ ಆಗ ಉತ್ತರ ಹೇಳಲಾಗಲಿಲ್ಲ. ಆದರೆ ಅವರ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ನಾನು ಹೇಳಿದ 'ಹೊಡೆಯಬಹುದು' ಎಂಬ ಮಾತನ್ನು ಅವರು ನಂಬಿದರು. ಅದೇ ಅರ್ಥದ ಮಾತನ್ನು ಹವಾಮಾನ ವಿಜ್ಞಾನಿಗಳು ಹೇಳಿದಾಗ ಅದು ಅಜ್ಞಾನದಂತೆ ಕಂಡಿತು. ಈ ತಪ್ಪು ಅವರೊಬ್ಬರದೇ ಅಲ್ಲ, ಓದು ಬಲ್ಲ ಮನೆಗಳಲ್ಲೂ ಇದೆ. ಅದರಿಂದ ಆರೋಗ್ಯಕ್ಕೆ ನೇರವಾದ ಹಾನಿಯಿರುವುದರಿಂದ ಈ ವಾರ ಇದನ್ನೇ ಚರ್ಚಿಸೋಣ.

ವೈದ್ಯರ ಭಾಷೆ

ವೈದ್ಯಶಾಸ್ತ್ರದಲ್ಲಿ ನೂರಕ್ಕೆ ನೂರು ಎಂದು ಹೇಳುವ ಸಂದರ್ಭಗಳು ಬಹಳ ಕಡಿಮೆ. 170/100 ಒತ್ತಡವಿರುವ ಪ್ರತಿಯೊಬ್ಬರಿಗೂ ಲಕ್ವ ಹೊಡೆಯುವುದಿಲ್ಲ. ಆದರೆ ಚಿಕಿತ್ಸೆ ಪಡೆಯದವರಲ್ಲಿ ಅದು ಹೆಚ್ಚು, ಪಡೆದವರಲ್ಲಿ ಕಡಿಮೆ ಎಂಬುದು ಸಿದ್ಧಪಟ್ಟ ಸಂಗತಿ. ಅದಕ್ಕಾಗಿಯೇ 'ಬರಬಹುದು' ಎನ್ನುತ್ತೇವೆ, ಅದಕ್ಕಾಗಿಯೇ ಮಾತ್ರೆಯನ್ನೂ ಕೊಡುತ್ತೇವೆ. ಖಾತ್ರಿಯಾಗುವವರೆಗೆ ಕಾಯುತ್ತೇನೆ ಎಂದರೆ ಲಕ್ವ ಹೊಡೆಯುವವರೆಗೆ ಕಾಯುತ್ತೇನೆ ಎಂದೇ ಅರ್ಥ.

ಭೂಮಿಯ ಜ್ವರವನ್ನು ಪರೀಕ್ಷಿಸಲು ಇಂಥದೇ ಒಂದು ವೈದ್ಯ ಮಂಡಳಿ ಇದೆ. ಅದರ ಹೆಸರು ಹವಾಮಾನ ಬದಲಾವಣೆ ಕುರಿತ ಅಂತರ ಸರ್ಕಾರಿ ಸಮಿತಿ, ಚಿಕ್ಕದಾಗಿ ಐಪಿಸಿಸಿ. ವಿಶ್ವ ಹವಾಮಾನ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಸೇರಿ ಇದನ್ನು 1988ರಲ್ಲಿ ಸ್ಥಾಪಿಸಿದವು. 2023ರಲ್ಲಿ ಆರನೆಯ ವರದಿ ಸರಣಿ ಮುಗಿಯುವ ವೇಳೆಗೆ 195 ದೇಶಗಳು ಇದರ ಸದಸ್ಯರಾಗಿದ್ದವು. 2007ರ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಈ ಸಮಿತಿ ಅಮೆರಿಕದ ಅಲ್ ಗೋರ್ ಅವರೊಂದಿಗೆ ಹಂಚಿಕೊಂಡಿತು. ಆಗ ಇದರ ಅಧ್ಯಕ್ಷರಾಗಿದ್ದವರು ಭಾರತೀಯರಾದ ಆರ್.ಕೆ. ಪಚೌರಿ.

ಗಮನಿಸಬೇಕಾದ ಅಂಶವೆಂದರೆ, ಈ ಸಮಿತಿ ತಾನೇ ಸಂಶೋಧನೆ ನಡೆಸುವುದಿಲ್ಲ. ಕಷ್ಟದ ಕೇಸಿನಲ್ಲಿ ಹಲವು ತಜ್ಞರು ಕುಳಿತು ಎಲ್ಲ ರಿಪೋರ್ಟುಗಳನ್ನು ಮುಂದಿಟ್ಟುಕೊಂಡು ತೀರ್ಮಾನಕ್ಕೆ ಬರುವಂತೆ, ಜಗತ್ತಿನಲ್ಲಿ ಪ್ರಕಟವಾದ ಸಂಶೋಧನೆಗಳನ್ನು ಓದಿ ತೂಗಿ ನೋಡುತ್ತದೆ. 2021ರಲ್ಲಿ ಬಂದ ವಿಜ್ಞಾನ ಭಾಗದ ವರದಿಯನ್ನು 234 ಮಂದಿ ಬರೆದರು. ಅವರಿಗೆ ಸಮಿತಿಯಿಂದ ಸಂಬಳವಿಲ್ಲ. ಅವರು ಆಧರಿಸಿದ ಪ್ರಬಂಧಗಳು 14,000ಕ್ಕೂ ಹೆಚ್ಚು. ಕರಡನ್ನು ಓದಿದ ತಜ್ಞರು ಮತ್ತು ಸರ್ಕಾರಗಳಿಂದ 78,000ಕ್ಕೂ ಹೆಚ್ಚು ಟಿಪ್ಪಣಿಗಳು ಬಂದವು. ಬಂದ ಟಿಪ್ಪಣಿಗಳಿಗೆಲ್ಲ ಲೇಖಕರು ಉತ್ತರಿಸಬೇಕು. ಕೊನೆಗೆ ವರದಿಯ ಸಾರಾಂಶವನ್ನು ಸರ್ಕಾರಗಳ ಪ್ರತಿನಿಧಿಗಳು ಸಾಲು ಸಾಲಾಗಿ ಓದಿ ಒಪ್ಪಬೇಕು. ಪೆಟ್ರೋಲಿಯಂ ಮಾರಿ ಬದುಕುವ ದೇಶಗಳೂ ಆ ಸಭೆಯಲ್ಲಿರುತ್ತವೆ. ಇಷ್ಟು ಜರಡಿಯಲ್ಲಿ ಉಳಿದ ಮಾತು ಹಗುರವಾದದ್ದಲ್ಲ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್.ಎಚ್. ರವೀಂದ್ರನಾಥ್, ಜಿ. ಬಾಲ ಮುಂತಾದವರೂ ಈ ವರದಿಗಳ ಲೇಖಕರಾಗಿ ದುಡಿದಿದ್ದಾರೆ.

ಸಂಭವ ಎಂದರೆ ಎಷ್ಟು?

ಇನ್ನು ಆ 'ಸಂಭವ' ಎಂಬ ಪದ. ಈ ವರದಿಗಳಲ್ಲಿ ಅದು ಬಾಯಿಮಾತಲ್ಲ, ಅಳತೆ. 'ಸಂಭವ' ಎಂದರೆ ನೂರಕ್ಕೆ 66ಕ್ಕಿಂತ ಹೆಚ್ಚು, 'ಬಹಳ ಸಂಭವ' ಎಂದರೆ 90ಕ್ಕಿಂತ ಹೆಚ್ಚು, 'ಅತ್ಯಂತ ಸಂಭವ' ಎಂದರೆ 95ಕ್ಕಿಂತ ಹೆಚ್ಚು. ಇದಲ್ಲದೆ ಪುರಾವೆ ಎಷ್ಟಿದೆ, ತಜ್ಞರಲ್ಲಿ ಎಷ್ಟು ಒಮ್ಮತವಿದೆ ಎಂಬುದನ್ನು ನೋಡಿ ಪ್ರತಿ ಮಾತಿಗೂ ಕಡಿಮೆ, ಮಧ್ಯಮ, ಹೆಚ್ಚು ಎಂದು ವಿಶ್ವಾಸದ ದರ್ಜೆ ಹಾಕುತ್ತಾರೆ. ರಕ್ತ ಪರೀಕ್ಷೆಯ ವರದಿಯಲ್ಲಿ ಪ್ರಮಾಣವನ್ನು ಅಂಕಿಯಲ್ಲಿ ಕೊಡುವುದಿಲ್ಲವೇ, ಹಾಗೆ.

ರೋಗನಿರ್ಣಯ ಹೇಗೆ ಗಟ್ಟಿಯಾಯಿತು ಎಂಬುದನ್ನೂ ನೋಡಿ. 1990ರ ಮೊದಲ ವರದಿಯಲ್ಲಿ, ಭೂಮಿ ಬಿಸಿಯಾಗಿರುವುದು ನಿಜ, ಆದರೆ ಅದು ಸಹಜ ಏರಿಳಿತವೂ ಇರಬಹುದು ಎಂದಿತ್ತು. 1995ರಲ್ಲಿ ಪುರಾವೆಗಳು ಮನುಷ್ಯನ ಕೈವಾಡದ ಕಡೆಗೆ ವಾಲಿದವು. ಇತ್ತೀಚಿನ ದಶಕಗಳ ಬಿಸಿಯೇರಿಕೆಯ ಬಹುಭಾಗಕ್ಕೆ ಮನುಷ್ಯನೇ ಕಾರಣ ಎಂಬುದು 2001ರಲ್ಲಿ 'ಸಂಭವ', 2007ರಲ್ಲಿ 'ಬಹಳ ಸಂಭವ', 2013ರಲ್ಲಿ 'ಅತ್ಯಂತ ಸಂಭವ' ಆಯಿತು. 2021ರಲ್ಲಿ ಮನುಷ್ಯನಿಂದ ಭೂಮಿ ಬಿಸಿಯಾಗಿದೆ ಎಂಬುದರಲ್ಲಿ ಸಂದೇಹವೇ ಇಲ್ಲ ಎಂದರು. ಜ್ವರ ಬಂದ ಮೊದಲ ದಿನ 'ವೈರಲ್ ಇರಬಹುದು' ಎಂದ ವೈದ್ಯರು, ಬ್ಲಡ್ ಕಲ್ಚರ್ ರಿಪೋರ್ಟ್ ಬಂದ ಮೇಲೆ 'ಇದು ಟೈಫಾಯ್ಡ್' ಎಂದು ಹೇಳುವುದು ಇದೇ ರೀತಿ. ಮಾತು ಬದಲಾಯಿಸಿದರು ಎಂದು ಅವರನ್ನು ಯಾರೂ ದೂರುವುದಿಲ್ಲ.

ಪುರಾವೆ ಏನು ಎಂದು ಕೇಳುವುದು ನಿಮ್ಮ ಹಕ್ಕು. ಕೈಗಾರಿಕೆಗಳು ಬೆಳೆಯುವ ಮುನ್ನ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 280 ಭಾಗ ಇತ್ತು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದಲ್ಲಿ ಅಳೆಯಲು ಆರಂಭಿಸಿದಾಗ ಸುಮಾರು 315. ಈಗ 420ನ್ನು ದಾಟಿದೆ. ಈ ಅನಿಲ ಶಾಖವನ್ನು ಹಿಡಿದಿಡುತ್ತದೆ. ಸೂರ್ಯನೇ ಹೆಚ್ಚು ಕಾಯುತ್ತಿರಬಾರದೇಕೆ ಎಂದು ಕೆಲವರು ಕೇಳುತ್ತಾರೆ. ಹಾಗಿದ್ದರೆ ವಾಯುಮಂಡಲದ ಮೇಲಿನ ಪದರವೂ ಬಿಸಿಯಾಗಬೇಕಿತ್ತು. ಆದರೆ ಕೆಳಗಿನ ಪದರ ಬಿಸಿಯಾಗುತ್ತಿದ್ದು, ಮೇಲಿನದು ತಣ್ಣಗಾಗುತ್ತಿದೆ. ಒಂದೇ ಲಕ್ಷಣದ ಎರಡು ರೋಗಗಳನ್ನು ನಾವು ಬೇರ್ಪಡಿಸುವುದೂ ಇಂಥ ಗುರುತುಗಳಿಂದಲೇ.

ತಪ್ಪೂ ಆಗಿದೆ, ಮಿತಿಯೂ ಇದೆ

ಈ ಸಮಿತಿ ತಪ್ಪೇ ಮಾಡಿಲ್ಲವೆಂದಲ್ಲ. 2007ರ ವರದಿಯ ಒಂದು ಭಾಗದಲ್ಲಿ ಹಿಮಾಲಯದ ಹಿಮನದಿಗಳು 2035ರ ಹೊತ್ತಿಗೆ ಕರಗಿಹೋಗಬಹುದು ಎಂಬ ಆಧಾರವಿಲ್ಲದ ಮಾತು ಸೇರಿಕೊಂಡಿತ್ತು. 2010ರ ಜನವರಿಯಲ್ಲಿ ಸಮಿತಿ ತಪ್ಪನ್ನು ಒಪ್ಪಿಕೊಂಡಿತು. ಅದೇ ವರ್ಷ ಅದರ ಕಾರ್ಯವಿಧಾನವನ್ನು ಹೊರಗಿನ ವಿಜ್ಞಾನ ಅಕಾಡೆಮಿಗಳ ಮಂಡಳಿಯೊಂದು ಪರಿಶೀಲಿಸಿತು. ಹಿಮನದಿಗಳು ಕರಗುತ್ತಿರುವುದು ಸುಳ್ಳಲ್ಲ, ಆ ಇಸವಿ ಸುಳ್ಳು. ತನ್ನ ತಪ್ಪನ್ನು ಬರೆದು ಒಪ್ಪಿಕೊಳ್ಳುವ ವೈದ್ಯರನ್ನು ನಾನಾದರೆ ಹೆಚ್ಚು ನಂಬುತ್ತೇನೆ.

ಮಿತಿಯನ್ನೂ ಹೇಳಬೇಕು. 2019ರ ಆಗಸ್ಟ್‌ನಲ್ಲಿ ಜಲಾಶಯಗಳಿಂದ ನೀರು ಬಿಟ್ಟಾಗ ಕಾವೇರಿ ಉಕ್ಕಿ ನಮ್ಮ ಕೊಳ್ಳೇಗಾಲ ತಾಲ್ಲೂಕಿನ ದಾಸನಪುರ, ಮುಳ್ಳೂರು, ಹರಳೆ ಮೊದಲಾದ ಊರುಗಳಿಗೆ ನುಗ್ಗಿತು. ನಾಲ್ಕೇ ವರ್ಷದಲ್ಲಿ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಇವೆರಡೂ ಹವಾಮಾನ ಬದಲಾವಣೆಯಿಂದಲೇ ಆದವು ಎಂದು ನಾನು ಹೇಳಲಾರೆ. ಬೀಡಿ ಸೇದಿ ಶ್ವಾಸಕೋಶದ ಕ್ಯಾನ್ಸರ್ ಬಂದವರಲ್ಲಿ ಯಾವ ಬೀಡಿಯಿಂದ ಬಂತು ಎಂದು ಹೇಳಲಾಗದು. ಬೀಡಿ ಅಪಾಯವನ್ನು ಹೆಚ್ಚಿಸುತ್ತದೆ ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ. ಹಾಗೆಯೇ, ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಿನ ಆವಿಯನ್ನು ಹಿಡಿಯಬಲ್ಲದು. ಸುರಿದಾಗ ಜೋರಾಗಿ ಸುರಿಯುತ್ತದೆ, ಮಳೆಯಿಲ್ಲದ ದಿನಗಳಲ್ಲಿ ನೆಲ ಬೇಗ ಒಣಗುತ್ತದೆ.

ಒಂದು ಡಿಗ್ರಿ ಏನು ಮಹಾ?

ಆದರೆ ಬಿಸಿಲಿನ ವಿಷಯದಲ್ಲಿ ಇಷ್ಟು ಸಂಕೋಚ ಬೇಕಿಲ್ಲ. ಕೇಂದ್ರ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಪ್ರಕಟಿಸಿದ ವರದಿಯಂತೆ 1901ರಿಂದ 2018ರವರೆಗೆ ಭಾರತದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಸೆಲ್ಸಿಯಸ್ ಏರಿದೆ. ಜಗತ್ತಿನ ಸರಾಸರಿ 2024ರಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧಕ್ಕಿಂತ ಸುಮಾರು 1.55 ಡಿಗ್ರಿ ಹೆಚ್ಚಿತ್ತು. ಸರಾಸರಿ ಸ್ವಲ್ಪ ಏರಿದರೂ ವಿಪರೀತ ಸೆಕೆಯ ದಿನಗಳು ಬಹಳ ಹೆಚ್ಚುತ್ತವೆ.

ನಮ್ಮ ದೇಹ ಬೆವರು ಆರುವುದರಿಂದ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆರುವುದಿಲ್ಲ. ಆಗ ಹೃದಯ ಮತ್ತು ಮೂತ್ರಪಿಂಡಗಳ ಮೇಲೆ ಹೊರೆ ಬೀಳುತ್ತದೆ. ದೇಹದ ಒಳಗಿನ ಉಷ್ಣತೆ 40 ಡಿಗ್ರಿ ದಾಟಿ, ಮಾತು ತೊದಲಿ, ಎಚ್ಚರ ತಪ್ಪಿದರೆ ಅದು ಉಷ್ಣಾಘಾತ, ಪ್ರಾಣಾಪಾಯದ ಸ್ಥಿತಿ. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಅಹಮದಾಬಾದ್ ನಗರದಲ್ಲಿ ಎಂದಿಗಿಂತ 1,300ಕ್ಕೂ ಹೆಚ್ಚು ಜನ ಹೆಚ್ಚುವರಿಯಾಗಿ ಸತ್ತರು. ಇದು ಗೊತ್ತಾದದ್ದು ಆ ತಿಂಗಳ ಒಟ್ಟು ಸಾವುಗಳನ್ನು ಬೇರೆ ವರ್ಷಗಳೊಂದಿಗೆ ಹೋಲಿಸಿದಾಗ. ಸಾವಿಗೆ ಬಿಸಿಲು ಕಾರಣ ಎಂದು ನಾವು ವೈದ್ಯರು ಬರೆಯುವುದು ಅಪರೂಪ. 'ಹೃದಯಾಘಾತ' ಎಂದು ಬರೆದು ಮುಗಿಸುತ್ತೇವೆ. ನಾನೂ ಅದಕ್ಕೆ ಹೊರತಲ್ಲ. ಆ ನಗರ 2013ರಲ್ಲಿ ಬಿಸಿಲಿಗಾಗಿಯೇ ಒಂದು ಕಾರ್ಯಯೋಜನೆ ಮಾಡಿಕೊಂಡಿತು: ಮುನ್ನೆಚ್ಚರಿಕೆ ಸಂದೇಶ, ಕುಡಿಯುವ ನೀರು, ಆಸ್ಪತ್ರೆ ಸಿಬ್ಬಂದಿಗೆ ತರಬೇತಿ. ಇಂಥ ಯೋಜನೆ ನಗರಗಳಿಗೆ ಮಾತ್ರವಲ್ಲ, ಕಬ್ಬು ಕಡಿಯುವವರೂ ಶೀಟಿನ ಮನೆಯಲ್ಲಿ ಮಲಗುವ ಮುದುಕರೂ ಇರುವ ನಮ್ಮಂಥ ಪಂಚಾಯಿತಿಗಳಿಗೂ ಬೇಕು ಎಂಬುದು ನನ್ನ ಅಭಿಪ್ರಾಯ.

ನೀವು ಮಾಡಬಹುದಾದ್ದು

ಬಿಸಿಲ ದಿನಗಳಲ್ಲಿ ಹೊಲದ ಕೆಲಸವನ್ನು ಬೆಳಿಗ್ಗೆ 11ರೊಳಗೆ ಮುಗಿಸಿ, ಉಳಿದದ್ದನ್ನು 4ರ ನಂತರ ಮಾಡಿ. ಉದ್ಯೋಗ ಖಾತ್ರಿ ಕೆಲಸದ ವೇಳೆಯನ್ನೂ ಹಾಗೆ ಬದಲಿಸಲು ಪಂಚಾಯಿತಿಯನ್ನು ಕೇಳಿ. ಬಾಯಾರುವ ಮುನ್ನವೇ ನೀರು, ಮಜ್ಜಿಗೆ, ಅಂಬಲಿ ಕುಡಿಯಿರಿ. ಬಿ.ಪಿ. ಮಾತ್ರೆಗಳಲ್ಲಿ ಕೆಲವು ಮೂತ್ರ ಹೆಚ್ಚಿಸುವಂಥವು. ಅವನ್ನು ನೀವಾಗಿಯೇ ನಿಲ್ಲಿಸಬೇಡಿ, ಬೇಸಿಗೆಗೆ ಮುನ್ನ ವೈದ್ಯರನ್ನು ಕಾಣಿ. ಯಾರಾದರೂ ಬಿಸಿಲಿಗೆ ಎಚ್ಚರ ತಪ್ಪಿದರೆ ನೆರಳಿಗೆ ಸಾಗಿಸಿ, ಬಟ್ಟೆ ಸಡಿಲಿಸಿ, ಮೈಗೆಲ್ಲ ನೀರು ಹಾಕಿ ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಕಾರಣದ ಕಡೆಗೂ ಗಮನ ಬೇಕು. ಹೆಚ್ಚು ಸುಟ್ಟ ಶ್ರೀಮಂತ ದೇಶಗಳು ಹೆಚ್ಚು ಕಡಿತ ಮಾಡಬೇಕು ಎಂದು ಕೇಳುವುದು ನ್ಯಾಯವೇ. ಅಷ್ಟರಲ್ಲಿ ಕಬ್ಬಿನ ತರಗಿಗೆ ಬೆಂಕಿ ಹಚ್ಚುವುದನ್ನಾದರೂ ನಾವು ಬಿಡಬಹುದು. ಆ ಹೊಗೆ ಮೊದಲು ಸೇರುವುದು ನಮ್ಮ ಮಕ್ಕಳ ಶ್ವಾಸಕೋಶವನ್ನೇ.

ರೇಷ್ಮೆ ಬೆಳೆಗಾರರ ವಿಷಯಕ್ಕೆ ಮರಳುತ್ತೇನೆ. ತಿಂಗಳ ನಂತರ ಅವರು ಬಂದಾಗ ಒತ್ತಡ 140/90ಕ್ಕೆ ಇಳಿದಿತ್ತು. "ಹುಳು ಸಾಕೋ ಮನೇಲಿ ಉಷ್ಣ ನೋಡೋ ಮೀಟರ್ ಯಾಕೆ ಇಟ್ಟಿದ್ದೀರಿ?" ಎಂದು ಕೇಳಿದೆ. ಒಂದು ಒಣ ಬುರುಡೆ, ಒಂದು ಒದ್ದೆ ಬಟ್ಟೆ ಸುತ್ತಿದ ಬುರುಡೆ ಇರುವ ಆ ಉಪಕರಣ ಬಿಸಿಯನ್ನೂ ಗಾಳಿಯ ತೇವವನ್ನೂ ತಿಳಿಸುತ್ತದೆ. ಬೆಳೆದ ಹುಳುವಿಗೆ 24-25 ಡಿಗ್ರಿ ಹಿತ. "ಕಾವು ಜಾಸ್ತಿ ಆದ್ರೆ ಸಪ್ಪೆ ರೋಗ ಬರ್ಬೋದು ಡಾಕ್ಟ್ರೇ. ಅದ್ಕೇ ಒದ್ದೆ ಗೋಣಿತಾಟು ಕಟ್ತೀವಿ" ಎಂದರು.

"ಬರ್ಬೋದು ಅಂದ್ರಲ್ಲ, ಗ್ಯಾರಂಟಿ ಇಲ್ಲವಾ?" ಎಂದೆ. ಅವರು ನಕ್ಕುಬಿಟ್ಟರು.

ಅವರ ತಾಯಿಗೆ ಎಂಬತ್ತು ದಾಟಿದೆ, ಶೀಟಿನ ಕೋಣೆಯಲ್ಲಿ ಮಲಗುತ್ತಾರೆ. ಅಲ್ಲಿ ಮೀಟರ್ ಇಲ್ಲ. ಮುಂದಿನ ಬೇಸಿಗೆಗೆ ಅಲ್ಲೊಂದು ತೂಗುಹಾಕಿ, ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ ಎಂದು ಹೇಳಿ ಕಳಿಸಿದೆ. ಓದುಗರಿಗೂ ನನ್ನ ಸಲಹೆ ಅದೇ. ಮುಂದಿನ ಸಲ ಪತ್ರಿಕೆಯಲ್ಲಿ 'ಸಂಭವ' ಎಂಬ ಪದ ಕಂಡರೆ ಪುಟ ತಿರುವಬೇಡಿ. ನೂರಕ್ಕೆ ಎಷ್ಟು ಎಂದು ನೋಡಿ, ಮನೆಯ ಹಿರಿಯರು ಮಲಗುವ ಕೋಣೆ ಎಷ್ಟು ಬಿಸಿ ಇದೆ ಎಂದೂ ನೋಡಿ.