ಬಾಡಬೇಕಾದ ದಂಡೆ



ಕಳೆದ ಮಳೆಗಾಲದಲ್ಲಿ ಬಿಸಿಲೆಯ ಕಡೆಯ ಒಂದು ಮನೆಗೆ ಶವಸಂಸ್ಕಾರಕ್ಕೆಂದು ಹೋಗಿದ್ದೆ. ಹೊರಗೆ ಜಡಿಮಳೆ. ಶವಪೆಟ್ಟಿಗೆಯ ಮೇಲೆ ಪೇಟೆಯಿಂದ ತರಿಸಿದ ಮೂರು ‘ರೀತ್’ಗಳಿದ್ದವು. ಥರ್ಮೋಕೋಲಿನ ದುಂಡು ಚೌಕಟ್ಟು, ಅದಕ್ಕೆ ಚುಚ್ಚಿದ ಪ್ಲಾಸ್ಟಿಕ್ ಗುಲಾಬಿ, ಅಡ್ಡಲಾಗಿ ಹೊಳೆಯುವ ರಿಬ್ಬನ್ನು, ರಿಬ್ಬನ್ನಿನ ಮೇಲೆ ಕೊಟ್ಟವರ ಹೆಸರು. ತೀರಿಕೊಂಡವರ ಹೆಸರು ಎಲ್ಲಿಯೂ ಇರಲಿಲ್ಲ. ನೆರೆಮನೆಯ ವೃದ್ಧೆಯೊಬ್ಬರು ತಮ್ಮ ಹಿತ್ತಿಲಿನ ಡೇರೆ ಹೂವನ್ನೂ ಜರಿಗಿಡದ ಎಲೆಯನ್ನೂ ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿ ತಂದಿದ್ದರು. ಯಾರೋ ಅದನ್ನು ಮೆಲ್ಲನೆ ಎತ್ತಿ ಜಗುಲಿಯ ಮೂಲೆಗಿಟ್ಟರು. ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವಂತೆ. “ಇದೂ ರೀತ್ ಏನಮ್ಮ?” ಎಂದು ಕೇಳಿದೆ. “ರೀತು ಗೀತು ನಂಗೊತ್ತಿಲ್ಲ, ಇದು ದಂಡೆ ಕಣಪ್ಪ” ಎಂದರು.

ಆ ತಾಯಿಯ ಮಾತೇ ಸರಿ. ನಾವೇ ತಪ್ಪಿದ್ದೇವೆ, ಮಾತಿನಲ್ಲಿಯೂ ನಡತೆಯಲ್ಲಿಯೂ. ಅದನ್ನು ಹೇಳಲೆಂದೇ ಈ ಬರಹ.

ದಂಡೆ ಎಂಬುದಕ್ಕೆ ನಮ್ಮ ನಿಘಂಟುಗಳಲ್ಲಿ ಎರಡು ಅರ್ಥಗಳು ಎದ್ದು ಕಾಣುತ್ತವೆ. ಒಂದು, ಹೊಳೆಯ ದಡ. ಇನ್ನೊಂದು, ಹೂವಿನ ಮಾಲೆ. ಅದರಲ್ಲೂ ತುರುಬನ್ನು ಸುತ್ತುವಂತೆ ಒತ್ತೊತ್ತಾಗಿ ಕಟ್ಟಿದ ಮಾಲೆ. ತೆಲುಗಿನಲ್ಲಿ ‘ದಂಡ’ ಎಂದರೆ ಇಂದಿಗೂ ಹೂಮಾಲೆಯೇ. ಕೋಲು, ಶಿಕ್ಷೆ ಎಂಬರ್ಥದ ದಂಡದೊಡನೆ ಇದನ್ನು ಬೆರೆಸಬಾರದು. ಹಳಗನ್ನಡದಲ್ಲಿ ಹೂಮಾಲೆಗೆ ‘ಬಾಸಿಗ’ ಎಂಬ ಇನ್ನೊಂದು ಚೆಲುವಾದ ಪದವಿತ್ತು. ಅದೇ ಇಂದಿನ ಮದುವೆಯ ಬಾಸಿಂಗ. ಎಷ್ಟೋ ಕಡೆ ಅದರಲ್ಲಿ ಹೂವೇ ಇಲ್ಲ, ಬೆಂಡು ಮತ್ತು ಜರಿಕಾಗದವಷ್ಟೇ. ಪದ ಉಳಿದು ಹೂವು ಹೋಗುವುದು ನಮ್ಮ ನಾಡಿಗೆ ಹೊಸತಲ್ಲ ಎಂದಾಯಿತು. ‘ರೀತ್’ ಎಂಬ ಇಂಗ್ಲಿಷ್ ಪದವನ್ನೂ ನಾನು ಹಳಿಯುತ್ತಿಲ್ಲ. ಅದು ಹುಟ್ಟಿದ್ದು ತಿರುಚು, ಹೆಣೆ ಎಂಬ ಕ್ರಿಯೆಯಿಂದ. ಹಸಿ ಬಳ್ಳಿಯನ್ನು ಕೈಯಾರೆ ತಿರುಚಿ ಸುತ್ತಿದ್ದೇ ರೀತ್. ಕಾರ್ಖಾನೆಯ ಅಚ್ಚಿನಲ್ಲಿ ಎರಕಗೊಂಡ ವಸ್ತುವಿಗೆ ಆ ಹೆಸರೂ ಸಲ್ಲದು, ಈ ಹೆಸರೂ ಸಲ್ಲದು.

ಬಿಸಿಲೆಯವರಿಗಂತೂ ದಂಡೆ ಎಂಬ ಮಾತು ಮರದ ಮೇಲೆಯೇ ತೂಗುತ್ತದೆ. ಮುಂಗಾರಿನ ಆರಂಭದಲ್ಲಿ ಕಾಡಿನ ಮರಗಳ ಕೊಂಬೆಯಿಂದ ನರಿಯ ಬಾಲದಂತೆ ಇಳಿಬೀಳುವ, ಬಿಳಿಯ ಮೇಲೆ ನಸುನೇರಳೆ ಚುಕ್ಕೆಯ ಆರ್ಕಿಡ್ ಹೂಗೊಂಚಲನ್ನು ನೀವು ಬಲ್ಲಿರಿ. ಅದರ ಹೆಸರು ಸೀತಾಳೆ ದಂಡೆ. ವನವಾಸದಲ್ಲಿ ಸೀತೆ ಮುಡಿದ ದಂಡೆಯಿದು ಎಂಬುದು ಜನರ ನಂಬಿಕೆ. ಬದನಿಕೆಯಂತೆ ಮರದ ರಸವನ್ನು ಹೀರದೆ, ಬರಿದೇ ಆಶ್ರಯ ಪಡೆದು ಬದುಕುವ ಗಿಡವದು. ಯಾರೂ ಕಟ್ಟದೆ ತಾನೇ ಕಟ್ಟಿಕೊಂಡ ಮಾಲೆ. ಕೆಲವೇ ವಾರಗಳಲ್ಲಿ ಬಾಡಿ ಉದುರುತ್ತದೆ.

ಬಾಡುವುದು! ನನ್ನ ವಾದವೆಲ್ಲ ಈ ಒಂದು ಪದದಲ್ಲಿದೆ.

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ‘ಸ್ಟೆಫಾನೊಸ್’ ಎಂಬ ಪದವುಂಟು. ಸುತ್ತುವರಿದದ್ದು, ಅಂದರೆ ತಲೆಗೆ ಸುತ್ತಿದ ಎಲೆ ಹೂಗಳ ದಂಡೆ. ರಾಜರ ಚಿನ್ನದ ಮಕುಟಕ್ಕೆ ಗ್ರೀಕರಲ್ಲಿ ಬೇರೆ ಪದವಿತ್ತು. ಕೊರಿಂಥದ ಬಳಿ ನಡೆಯುತ್ತಿದ್ದ ಇಸ್ತ್ಮಿಯ ಕ್ರೀಡೆಗಳಲ್ಲಿ ಗೆದ್ದವನಿಗೆ ದೊರೆಯುತ್ತಿದ್ದುದು ಪೈನ್ ಎಲೆಯ ಅಥವಾ ಸೆಲರಿ ಸೊಪ್ಪಿನ ದಂಡೆ. ಸಂತ ಪೌಲರು ಕೊರಿಂಥದವರಿಗೆ ಬರೆಯುವಾಗ ಬಾಡಿಹೋಗುವ ದಂಡೆಗೂ ಬಾಡದ ದಂಡೆಗೂ ಭೇದವನ್ನು ತೋರಿದ್ದು ಇದನ್ನು ಕಣ್ಣಮುಂದೆ ಇಟ್ಟುಕೊಂಡೇ. ಕನ್ನಡ ಬೈಬಲಿನ ಭಾಷಾಂತರಕಾರರು ಅಲ್ಲಿ ‘ಜಯಮಾಲೆ’ ಎಂದದ್ದು ಬಹು ಯುಕ್ತವಾಗಿದೆ. ಆದರೆ ಯೇಸುವಿನ ಶಿರಸ್ಸಿಗೆ ಸೈನಿಕರು ಮುಳ್ಳಿನಿಂದ ಹೆಣೆದದ್ದೂ ಅದೇ ಸ್ಟೆಫಾನೊಸ್. ಅಲ್ಲಿ ಮಾತ್ರ ನಾವು ‘ಕಿರೀಟ’ ಎನ್ನುತ್ತೇವೆ. ಗೆದ್ದವನ ಮಾಲೆಯನ್ನೇ ಮುಳ್ಳಿನಲ್ಲಿ ಹೆಣೆದು ಅಣಕವಾಡಿದ ಆ ಕ್ರೌರ್ಯ ನಮ್ಮ ಭಾಷೆಯಲ್ಲಿ ತುಸು ಮರೆಯಾಗಿದೆ. ಪ್ರಥಮ ರಕ್ತಸಾಕ್ಷಿ ಸ್ತೆಫನನ ಹೆಸರಿನ ಅರ್ಥವೂ ಇದೇ ದಂಡೆ.

ಮೊದಲ ಶತಮಾನಗಳ ಕ್ರೈಸ್ತರು ಇನ್ನೂ ಕಠಿಣರು. ಸುಮಾರು ಕ್ರಿ.ಶ. 211ರಲ್ಲಿ ತೆರ್ತುಲಿಯನನು ದಂಡೆ ಧರಿಸುವುದರ ವಿರುದ್ಧ ಒಂದು ಪುಸ್ತಕವನ್ನೇ ಬರೆದನು. ಮಿನುಸಿಯುಸ್ ಫೆಲಿಕ್ಸ್ ಬರೆದ ‘ಒಕ್ತಾವಿಯುಸ್’ ಎಂಬ ಸಂವಾದಗ್ರಂಥದಲ್ಲಿ, ಕ್ರೈಸ್ತರು ತಮ್ಮ ಸಮಾಧಿಗಳಿಗೂ ಹೂ ಮುಡಿಸುವುದಿಲ್ಲವೆಂದು ಅನ್ಯಮತೀಯನೊಬ್ಬ ದೂರುತ್ತಾನೆ. ಬಾಡುವ ದಂಡೆಯನ್ನು ನಾವು ಕಟ್ಟುವುದಿಲ್ಲ, ಬಾಡದ ದಂಡೆಯನ್ನು ದೇವರಿಂದ ನಿರೀಕ್ಷಿಸುತ್ತೇವೆ ಎಂಬರ್ಥದ ಉತ್ತರ ಅವನಿಗೆ ದೊರೆಯುತ್ತದೆ. ಅಷ್ಟು ಕಟ್ಟುನಿಟ್ಟು ನಮಗೆ ಬೇಡ. ಮುಂದೆ ಧರ್ಮಸಭೆಯೇ ಹೂವನ್ನು ಅಪ್ಪಿಕೊಂಡಿತು. ಜಪಸರದ ಲತೀನ್ ಹೆಸರು ‘ರೊಸಾರಿಯುಮ್’ ಎಂದರೆ ಗುಲಾಬಿಯ ತೋಟ. ಆದರೆ ಆ ಉತ್ತರದ ತಿರುಳನ್ನು ಗಮನಿಸಿರಿ: ಬಾಡದ ದಂಡೆಯನ್ನು ಕೊಡುವವನು ದೇವರು. ಅಂಗಡಿಯವನಲ್ಲ.

ಮನುಷ್ಯನು ಹುಲ್ಲಿನಂತೆ, ಹೊಲದ ಹೂವಿನಂತೆ ಎಂಬುದನ್ನು ನಂಬುವ ನಾವು ಸತ್ತವರೆದುರು ಬಾಡುವ ಹೂವನ್ನಿಡುವುದು ಒಂದು ಒಪ್ಪಿಗೆ. ಈ ದೇಹವೂ ಹೀಗೆಯೇ, ನಾಳೆ ನನ್ನದೂ ಹೀಗೆಯೇ ಎಂಬ ಒಪ್ಪಿಗೆ. ಪ್ಲಾಸ್ಟಿಕ್ ಹೂವು ಅದನ್ನು ಅಲ್ಲಗಳೆಯುತ್ತದೆ. ಸಕಲೇಶಪುರ, ಆಲೂರಿನ ಕಾಫಿ ಬೆಳೆಗಾರರಿಗೆ ಇದನ್ನು ನಾನು ವಿವರಿಸಬೇಕೇ? ಹೂಮಳೆ ಬಿದ್ದ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಎರಡು ಮೂರು ದಿನಕ್ಕೆ ಆ ಹೂವು ಕಂದುತ್ತದೆ. ಕಂದಿದ ಮೇಲೆಯೇ ಕಾಯಿ.

ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ದಿನ, ಅದೇ ಸಮಾಧಿಯ ಬಳಿ ನಿಂತಿದ್ದೆ. ಮಣ್ಣಿನ ದಿಬ್ಬ ಮಳೆಗೆ ಕುಸಿದಿತ್ತು. ಮೂರು ರೀತ್‌ಗಳಲ್ಲಿ ಎರಡು ಅಲ್ಲಿಯೇ ಇದ್ದವು, ಬಣ್ಣ ಮಾಸದೆ. ಮೂರನೆಯದರ ಥರ್ಮೋಕೋಲು ಪುಡಿಪುಡಿಯಾಗಿ ಚರಂಡಿಯ ಉದ್ದಕ್ಕೂ ಹರಡಿತ್ತು. ಬಿಸಿಲೆ ಸೀಮೆಯ ಮಂಕನಹಳ್ಳಿಯ ಏಣಿನಲ್ಲಿ ಬಿದ್ದ ಮಳೆ ಎರಡಾಗಿ ಒಡೆಯುತ್ತದೆಯಷ್ಟೆ: ಒಂದು ಮಗ್ಗುಲಿನದು ಹೇಮಾವತಿ, ಕಾವೇರಿಗಳ ಮೂಲಕ ಬಂಗಾಳ ಕೊಲ್ಲಿಗೆ, ಇನ್ನೊಂದರದು ಕುಮಾರಧಾರೆ, ನೇತ್ರಾವತಿಗಳ ಮೂಲಕ ಅರಬ್ಬೀ ಸಮುದ್ರಕ್ಕೆ. ನಮ್ಮ ಶ್ರದ್ಧಾಂಜಲಿಯ ಕಸ ಯಾವ ಹೊಳೆಯ ದಂಡೆಗೆ ಸೇರಬೇಕೆಂದು ನಾವು ಬಯಸುತ್ತೇವೆ? ಅಲಂಕಾರದ ಥರ್ಮೋಕೋಲನ್ನು 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧಿಸಲಾಗಿದೆ ಎಂಬುದನ್ನೂ ನೆನಪಿಸುತ್ತೇನೆ. ದೇಶದ ಕಾನೂನು ಬೇಡವೆಂದದ್ದನ್ನು ನಾವು ಶವಪೆಟ್ಟಿಗೆಯ ಮೇಲಿಟ್ಟು ಪವಿತ್ರಜಲ ಪ್ರೋಕ್ಷಿಸುತ್ತಿದ್ದೇವೆ.

‘ಆಷಾಢದ ಮಳೆಯಲ್ಲಿ ಹೂವೆಲ್ಲಿ ತರುವುದು, ದೂರದಲ್ಲಿರುವ ಮಕ್ಕಳು ಏನನ್ನಾದರೂ ಕಳುಹಿಸಬೇಡವೇ’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಬರಲಾಗದ ಮಗನ ಸಂಕಟವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅವನು ಅಂಗಡಿಗೆ ಫೋನು ಮಾಡುವ ಬದಲು ನೆರೆಮನೆಗೆ ಮಾಡಲಿ. ಅವನ ಹೆಸರಿನಲ್ಲಿ ನಾಲ್ಕು ಹೂ ಕೊಯ್ದು ಕಟ್ಟುವವರು ಮಲೆನಾಡಿನಲ್ಲಿ ಇನ್ನೂ ಇದ್ದಾರೆ. ಹೂವೇ ಇಲ್ಲದಿದ್ದರೆ ಎಲೆಯಾದೀತು. 2020ರಲ್ಲಿ ಶವಸಂಸ್ಕಾರಕ್ಕೆ 20 ಜನರಿಗಿಂತ ಹೆಚ್ಚು ಸೇರುವಂತಿರಲಿಲ್ಲ. ಎಷ್ಟೋ ಮಂದಿ ಒಂದೂ ಹೂವಿಲ್ಲದೆ ಮಣ್ಣಾದರು. ಆ ರೋಗದ ಹೆಸರಾದ ‘ಕೊರೋನಾ’ ಕೂಡ ಲತೀನಿನಲ್ಲಿ ದಂಡೆ ಎಂದೇ ಅರ್ಥ ಕೊಡುವ ಮಾತು. ಅವರ ಆತ್ಮಕ್ಕೆ ಅದರಿಂದ ಏನೂ ಕೊರತೆಯಾಗಲಿಲ್ಲ.

ಒಂದು ಎಚ್ಚರಿಕೆ. ಈ ಮಾತನ್ನು ಕೇಳಿ ಉತ್ಸಾಹದಿಂದ ಯಾರೂ ಬಿಸಿಲೆಯ ಮೀಸಲು ಅರಣ್ಯಕ್ಕೆ ನುಗ್ಗಿ ಸೀತಾಳೆ ದಂಡೆಯನ್ನು ಕೀಳಬೇಡಿರಿ. ಅದು ಅಪರಾಧ, ಕಿತ್ತು ತಂದ ಗಿಡ ಅಂಗಳದಲ್ಲಿ ಬದುಕುವುದೂ ವಿರಳ. ಅದು ಮರದ ಮೇಲೆಯೇ ಇರಲಿ. ನವೆಂಬರಿನಲ್ಲಿ ನಮ್ಮ ಬೇಲಿಗಳಲ್ಲಿ ಗೊರಟೆಯಿದೆ, ಹಿತ್ತಿಲಲ್ಲಿ ಸೇವಂತಿಗೆಯಿದೆ. ಬಾಳೆನಾರನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಹಾಕಿದರೆ ಬೆಳಗಿನ ಬಲಿಪೂಜೆಗೆ ಮುಂಚೆ ಕಟ್ಟಲು ಹದವಾಗಿರುತ್ತದೆ. ಕಟ್ಟಲು ಬಾರದ ಮಕ್ಕಳನ್ನು ಬಾರದವರೆಂದು ಬದಿಗೆ ಕೂರಿಸದೆ ಅಜ್ಜಿಯ ಪಕ್ಕದಲ್ಲಿ ಕೂರಿಸಿರಿ.